ಹಳೆಯ ಅಲಂಕಾರ ವಸ್ತುಗಳಿಗೆ ಲೋಹದ ಮೆರುಗು: ಮೆಟಾಲಿಕ್ ಪೇಂಟ್ ಬಳಿಯುವ ಸರಿಯಾದ ಕ್ರಮ

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಕನ್ನಡಿ ಚೌಕಟ್ಟು, ಹೂದಾನಿ, ದೀಪದ ಕಂಬ, ಗೋಡೆಗೆ ತೂಗುಹಾಕುವ ಕೆತ್ತನೆಗಳಿಗೆ ಚಿನ್ನ, ಬೆಳ್ಳಿ ಅಥವಾ ತಾಮ್ರದ ಬಣ್ಣ ಹಚ್ಚುವ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಬಳಿದ ಬಣ್ಣ ಕೆಲವೇ ದಿನಗಳಲ್ಲಿ ಸಿಪ್ಪೆಯಂತೆ ಎದ್ದು ಬರುವುದೇಕೆ? ಒಳ್ಳೆಯ ಬಣ್ಣವನ್ನೇ ತಂದರೂ ವಸ್ತು ಅಗ್ಗದ ಆಟಿಕೆಯಂತೆ ಕಾಣುವುದೇಕೆ? ಎರಡಕ್ಕೂ ಡಬ್ಬಿಯನ್ನು ದೂರಿ ಪ್ರಯೋಜನವಿಲ್ಲ. ಸಿಪ್ಪೆ ಏಳುವುದು ಅಡಿಯ ತಯಾರಿ ಸಾಲದೆ. ಅಗ್ಗವಾಗಿ ಕಾಣುವುದು ಒಂದೇ ಬಣ್ಣವನ್ನು ಉಬ್ಬು ತಗ್ಗುಗಳೆನ್ನದೆ ಒಂದೇ ಸಮ ಬಳಿದದ್ದಕ್ಕೆ.

ಮೆಟಾಲಿಕ್ ಪೇಂಟ್ ಸಾಮಾನ್ಯ ಬಣ್ಣದಂತೆ ದೋಷ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಅದರೊಳಗೆ ಅತಿ ತೆಳುವಾದ ಹಕ್ಕಳೆಗಳಿರುತ್ತವೆ: ಅಲ್ಯೂಮಿನಿಯಂ, ತಾಮ್ರ ಮತ್ತು ಸತುವಿನ ಮಿಶ್ರಲೋಹದ ಪುಡಿ, ಇಲ್ಲವೇ ಬಣ್ಣದ ಲೇಪ ಕೊಟ್ಟ ಅಭ್ರಕ. ಬಣ್ಣ ಒಣಗುವಾಗ ಈ ಹಕ್ಕಳೆಗಳು ಮೇಲ್ಮೈಗೆ ಸಮಾಂತರವಾಗಿ ಮಲಗಿದರೆ ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಅದೇ ಲೋಹದ ಹೊಳಪು. ಅಡಿಯಲ್ಲಿ ಒಂದು ಗೀರು, ಒಂದು ಧೂಳಿನ ಕಣ, ಬ್ರಷ್‌ನ ಒಂದು ಅಡ್ಡ ಎಳೆತ ಇದ್ದರೂ ಅಲ್ಲಿ ಹಕ್ಕಳೆಗಳು ಓರೆಯಾಗಿ ನಿಂತು ಕಲೆಯಾಗಿ ಕಾಣುತ್ತವೆ. ಮುಂದೆ ಹೇಳುವ ಹೆಚ್ಚಿನ ಎಚ್ಚರಿಕೆಗಳಿಗೆ ಇದೇ ಕಾರಣ.

ಬಣ್ಣ ತೆರೆಯುವ ಮುನ್ನ: ಇದಕ್ಕೆ ಬಣ್ಣ ಬಳಿಯಬೇಕೇ?

ಮಾಸಿ ಕಪ್ಪಾದ ಹಳೆಯ ವಸ್ತು ನಿಜವಾದ ಹಿತ್ತಾಳೆ, ತಾಮ್ರ ಅಥವಾ ಬೆಳ್ಳಿಯದಾಗಿದ್ದರೆ ಅದಕ್ಕೆ ಬೇಕಾದದ್ದು ಪಾಲಿಶ್, ಪೇಂಟ್ ಅಲ್ಲ. ಒಂದು ಆಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿನದು ಬರೀ ಲೇಪ. ಬಣ್ಣ ಬಳಿಯಲು ಅಡ್ಡಿಯಿಲ್ಲ. ಅಂಟದಿದ್ದರೆ ತಳದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಮೊಳೆಯ ತುದಿಯಿಂದ ಸಣ್ಣ ಗೀರು ಹಾಕಿ. ಗೀರಿನೊಳಗೂ ಹಳದಿ ಕಂಡರೆ ಹಿತ್ತಾಳೆ ಇರುವ ಸಾಧ್ಯತೆ ಹೆಚ್ಚು, ಬೂದು ಬಿಳಿ ಕಂಡರೆ ಸತು ಅಥವಾ ಅಲ್ಯೂಮಿನಿಯಂ ಎರಕ. ಪಿಂಗಾಣಿಯ ಅಡಿಯಲ್ಲಿ ತಯಾರಕರ ಮುದ್ರೆಯೋ ಕಲಾವಿದರ ಸಹಿಯೋ ಇದ್ದರೂ ಕೈ ತಡೆಯಿರಿ. ಒಮ್ಮೆ ಬಳಿದ ಮೇಲೆ ಮೂಲ ರೂಪ ಮರಳಿ ತರುವುದು ಬಹುತೇಕ ಅಸಾಧ್ಯ.

ಇನ್ನೂ ಮೂರು ಕಡೆ ಬೇಡ. ಆಹಾರ ತಾಗುವ ತಟ್ಟೆ ಬಟ್ಟಲುಗಳ ಒಳಭಾಗ ಮತ್ತು ತುಟಿ ತಾಗುವ ಅಂಚು. ಮೇಣದಬತ್ತಿಯ ಜ್ವಾಲೆಗೆ ಹತ್ತಿರವಿರುವ ಭಾಗ, ಏಕೆಂದರೆ ಸಾಮಾನ್ಯ ಬಣ್ಣ ಬಿಸಿಗೆ ಮೆತ್ತಗಾಗಿ ವಾಸನೆ ಬಿಡುತ್ತದೆ. ವಿದ್ಯುತ್ ದೀಪದ ಹೋಲ್ಡರ್‌ನ ಒಳಗೆ. ದೀಪದ ಕಂಬಕ್ಕೆ ಬಣ್ಣ ಹಚ್ಚುವುದಾದರೆ ಪ್ಲಗ್ ತೆಗೆದು, ಬಲ್ಬ್ ಬಿಚ್ಚಿ, ಹೋಲ್ಡರ್ ಮತ್ತು ವೈರನ್ನು ಟೇಪ್‌ನಿಂದ ಪೂರ್ತಿ ಸುತ್ತಿಡಿ.

ಹಲವು ದಶಕಗಳ ಹಿಂದಿನ ವಸ್ತುವಿನ ಮೇಲೆ ಹಳೆಯ ಬಣ್ಣದ ಪದರಗಳಿದ್ದರೆ ಅದರಲ್ಲಿ ಸೀಸ ಇರಬಹುದು. ಅಂಥದ್ದನ್ನು ಒಣಗಿದ್ದಂತೆ ಉಜ್ಜಲೇಬೇಡಿ. ಆ ಧೂಳು ಮಕ್ಕಳಿಗೆ ವಿಶೇಷವಾಗಿ ಅಪಾಯಕಾರಿ. ಸೀಸ ಪತ್ತೆ ಮಾಡುವ ಕಿಟ್ ಬಳಸಿ ಪರೀಕ್ಷಿಸಿ. ಸೀಸ ಇದ್ದರೆ, ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುವ ತನಕ ಉಜ್ಜದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಗಿ ಹಿಡಿತದ ಪ್ರೈಮರ್ ಹಚ್ಚಿ ಮುಚ್ಚುವುದೇ ಕ್ಷೇಮ. ಸಿಪ್ಪೆ ಏಳುತ್ತಿದ್ದರೆ ಆ ವಸ್ತುವನ್ನು ಕೈಬಿಡಿ.

ಬೇಕಾಗುವ ಸಾಮಗ್ರಿ

- ಸ್ಯಾಂಡ್ ಪೇಪರ್: 120, 220, 400 ನಂಬರ್. ನಂಬರ್ ಹೆಚ್ಚಿದಷ್ಟೂ ಕಾಗದ ನಯ.
- ಪಾತ್ರೆ ತೊಳೆಯುವ ಸೋಪು, ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಹತ್ತಿ ಬಟ್ಟೆ.
- ವಸ್ತುವಿಗೆ ತಕ್ಕ ಪ್ರೈಮರ್. ಪ್ರೈಮರ್ ಎಂದರೆ ಬಣ್ಣಕ್ಕೂ ವಸ್ತುವಿಗೂ ನಡುವೆ ಹಿಡಿತ ಕೊಡುವ ಅಡಿಲೇಪ.
- ತಳಬಣ್ಣ, ಮೆಟಾಲಿಕ್ ಪೇಂಟ್, ಕೊನೆಗೆ ಪಾರದರ್ಶಕ ಲೇಪ.
- ಪೇಂಟರ್ಸ್ ಟೇಪ್, ಹಳೆಯ ಪತ್ರಿಕೆ, ಕೈಗವಸು, ಸ್ಪ್ರೇ ಬಳಸುವುದಾದರೆ ಆವಿ ಸೋಸುವ ಕಾರ್ಟ್ರಿಜ್ ಇರುವ ಮುಖಗವಸು. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನಲ್ಲ.

ಎಷ್ಟು ಬಣ್ಣ ಬೇಕು ಎಂಬುದಕ್ಕೆ ಒಂದು ಲೆಕ್ಕ: ಹೊರ ಅಳತೆ 60 × 90 ಸೆಂ.ಮೀ., ಪಟ್ಟಿಯ ಅಗಲ 8 ಸೆಂ.ಮೀ. ಇರುವ ಚೌಕಟ್ಟಿನ ಮುಂಭಾಗ ಸುಮಾರು 0.21 ಚದರ ಮೀಟರ್. ಮೂರು ಪದರಕ್ಕೆ 0.64. ಅಂಚು, ಕೆತ್ತನೆ, ಗಾಳಿಗೆ ಹಾರಿಹೋಗುವ ಪಾಲು ಸೇರಿದರೆ ಹೆಚ್ಚುಕಡಿಮೆ 1 ಚದರ ಮೀಟರ್ ಎಂದಿಟ್ಟುಕೊಳ್ಳಿ. ಇದಕ್ಕೆ 400 ಮಿ.ಲೀ. ಸ್ಪ್ರೇ ಡಬ್ಬಿ ಒಂದು ಸಾಕು. ದೊಡ್ಡ ವಸ್ತುವಾದರೆ ಎರಡೂ ಡಬ್ಬಿಗಳನ್ನು ಒಂದೇ ಬ್ಯಾಚ್ ನಂಬರ್ ನೋಡಿ ಒಟ್ಟಿಗೇ ಕೊಳ್ಳಿ. ಚಿನ್ನದ ಛಾಯೆ ಬ್ಯಾಚ್‌ನಿಂದ ಬ್ಯಾಚ್‌ಗೆ ತುಸು ಬದಲಾಗುವುದುಂಟು.

ಸ್ಪ್ರೇಯೋ ಬ್ರಷ್ಷೋ? ಕೆತ್ತನೆ, ಜಾಲರಿ, ಬೆತ್ತದ ಹೆಣಿಗೆಗಳಿಗೆ ಸ್ಪ್ರೇ. ಮನೆಯೊಳಗೆ ಕೆಲಸ ಮಾಡಬೇಕಾದವರಿಗೆ ನೀರು ಆಧಾರಿತ ಅಕ್ರಿಲಿಕ್ ಮೆಟಾಲಿಕ್ ಬಣ್ಣ ಮತ್ತು ಮೃದುವಾದ ಸಿಂಥೆಟಿಕ್ ಬ್ರಷ್. ಕ್ರೋಮ್‌ನಂತೆ ಕನ್ನಡಿ ಹೊಳಪು ಕೊಡುತ್ತೇವೆನ್ನುವ ಸ್ಪ್ರೇಗಳನ್ನು ಪದೇಪದೇ ಕೈ ತಾಗುವ ವಸ್ತುಗಳಿಗೆ ಬಳಸಬೇಡಿ. ಅವುಗಳ ಹೊಳಪು ಮುಟ್ಟಿದರೆ ಮಾಸುತ್ತದೆ. ರಕ್ಷಣೆಗೆಂದು ಮೇಲೆ ಪಾರದರ್ಶಕ ಲೇಪ ಕೊಟ್ಟರೆ ಬೂದಾಗುತ್ತದೆ.

ಹಂತ 1: ಬಿಚ್ಚಿ, ತೊಳೆದು, ಒಣಗಿಸಿ

ಕೊಕ್ಕೆ, ತಿರುಪು, ಗಾಜು, ಹಿಂದಿನ ಹಲಗೆ ಬಿಚ್ಚಲು ಬಂದರೆ ಬಿಚ್ಚಿಡಿ. ಕನ್ನಡಿ ಹೊರಬರದಿದ್ದರೆ ಅದರ ಮತ್ತು ಚೌಕಟ್ಟಿನ ನಡುವಿನ ಸಂದಿಗೆ ಗಟ್ಟಿ ಕಾಗದದ ಪಟ್ಟಿಗಳನ್ನು ತೂರಿಸಿ, ಉಳಿದ ಭಾಗವನ್ನು ಪತ್ರಿಕೆ ಮತ್ತು ಟೇಪ್‌ನಿಂದ ಮುಚ್ಚಿ. ಗಾಜಿನ ಮೇಲೆ ಬರೀ ಟೇಪ್ ಅಂಟಿಸಿದರೆ ಅಂಚಿನಲ್ಲಿ ಬಣ್ಣ ಒಳಗೆ ಹರಿದು ಕನ್ನಡಿಯಲ್ಲಿ ಜೋಡಿಯಾಗಿ ಕಾಣುತ್ತದೆ.

1 ಲೀಟರ್ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಸೋಪು ಹಾಕಿ, ಹಳೆಯ ಟೂತ್ ಬ್ರಷ್‌ನಿಂದ ಸಂದುಗೊಂದು ಉಜ್ಜಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಸೋಪು ಉಳಿದರೆ ಅದೂ ಜಿಡ್ಡಿನಷ್ಟೇ ಕೆಟ್ಟದ್ದು. ಮರ ಮತ್ತು ಪ್ಲಾಸ್ಟರ್ ವಸ್ತುಗಳನ್ನು ನೀರಲ್ಲಿ ಮುಳುಗಿಸದೆ ಹಿಂಡಿದ ಬಟ್ಟೆಯಲ್ಲಿ ಒರೆಸಿ ಇಡೀ ದಿನ ಒಣಗಲು ಬಿಡಿ. ಲೋಹ, ಗಾಜು, ಪಿಂಗಾಣಿಯನ್ನು ಕೊನೆಗೊಮ್ಮೆ ಆಲ್ಕೋಹಾಲ್‌ನಲ್ಲಿ ಒರೆಸಿ. ಪ್ಲಾಸ್ಟಿಕ್‌ಗೆ ಅಸಿಟೋನ್ ತಾಗಿಸಬೇಡಿ. ಕೆಲವು ಪ್ಲಾಸ್ಟಿಕ್‌ಗಳು ಅದರಲ್ಲಿ ಕರಗುತ್ತವೆ.

ಸೆಕೆಂಡ್ ಹ್ಯಾಂಡ್ ಮರದ ವಸ್ತುಗಳಲ್ಲಿ ಕಣ್ಣಿಗೆ ಕಾಣದ ಶತ್ರು ಸಿಲಿಕೋನ್ ಇರುವ ಫರ್ನಿಚರ್ ಪಾಲಿಶ್. ಮೊದಲ ಮಾಲೀಕರು ವರ್ಷಗಟ್ಟಲೆ ಒರೆಸಿರಬಹುದು. ಅದು ಉಳಿದ ಕಡೆ ಬಣ್ಣ ಹಿಂಜರಿದು ಸಣ್ಣ ಸಣ್ಣ ವೃತ್ತಾಕಾರದ ಕುಳಿಗಳಾಗುತ್ತವೆ. ಉಜ್ಜುವುದಕ್ಕೆ ಮೊದಲೇ ಮಿನರಲ್ ಟರ್ಪೆಂಟೈನ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲು ಬಳಸಿ. ಮೊದಲು ಉಜ್ಜಿದರೆ ಸಿಲಿಕೋನ್ ಮರದೊಳಕ್ಕೆ ಇನ್ನಷ್ಟು ಇಳಿಯುತ್ತದೆ.

ಹಂತ 2: ಒಡಕು ತುಂಬಿ, ಉಜ್ಜಿ

ಮರದ ಸಣ್ಣ ಗುಂಡಿಗಳಿಗೆ ವುಡ್ ಫಿಲ್ಲರ್. ಮುರಿದುಹೋದ ಹೂವಿನ ಎಸಳು, ಚೌಕಟ್ಟಿನ ಮೂಲೆಯ ಕೆತ್ತನೆಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ. ತೇವ ಮಾಡಿದ ಬೆರಳಿನಿಂದ ರೂಪ ಕೊಟ್ಟು, ಮಾರನೆಯ ದಿನ ಉಜ್ಜಿ. ಎದ್ದಿರುವ ಹಳೆಯ ಬಣ್ಣವನ್ನು 120ರಲ್ಲಿ ತೆಗೆದು, ಇಡೀ ಮೇಲ್ಮೈಯನ್ನು 220ರಲ್ಲಿ ಉಜ್ಜಿ. ಹಳೆಯ ವಾರ್ನಿಷ್ ಪೂರ್ತಿ ಹೋಗಬೇಕಾಗಿಲ್ಲ, ಅದರ ಹೊಳಪು ಸತ್ತರೆ ಸಾಕು. ಬೆಳಕನ್ನು ಪಕ್ಕದಿಂದ ಬೀಳಿಸಿ ನೋಡಿ: ಹೊಳೆಯುವ ಚುಕ್ಕೆ ಎಲ್ಲಾದರೂ ಉಳಿದಿದ್ದರೆ ಬಣ್ಣ ಮೊದಲು ಏಳುವುದು ಅಲ್ಲಿಂದಲೇ.

ಕಬ್ಬಿಣದ ತುಕ್ಕಿಗೆ ತಂತಿ ಬ್ರಷ್. ಉದುರುವ ತುಕ್ಕೆಲ್ಲ ಹೋದ ಮೇಲೆ ಗುಂಡಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ. ಅದರ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ತುಕ್ಕನ್ನು ಗಟ್ಟಿಯಾದ ಪದರವಾಗಿ ಬದಲಿಸುತ್ತದೆ. ಉಜ್ಜಿ ಬರಿದಾದ ಕಬ್ಬಿಣಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು. ತೇವದ ಗಾಳಿಯಲ್ಲಿ ರಾತ್ರಿ ಕಳೆಯುವುದರೊಳಗೆ ಹೊಸ ತುಕ್ಕು ಹಿಡಿಯುತ್ತದೆ.

ಹಂತ 3: ವಸ್ತು ನೋಡಿ ಪ್ರೈಮರ್

ಎಲ್ಲದಕ್ಕೂ ಒಂದೇ ಪ್ರೈಮರ್ ಸಾಲುವುದಿಲ್ಲ. ಹೆಚ್ಚು ಜನ ಸೋಲುವ ಹಂತ ಇದು, ಆದ್ದರಿಂದ ಒಂದೊಂದಾಗಿ ನೋಡೋಣ.

*ಮರ:* ಗಂಟುಗಳಿಂದಲೂ ಕಪ್ಪು ಮರದಿಂದಲೂ ಒಗರು ದ್ರವ್ಯವಾದ ಟ್ಯಾನಿನ್ ಮೇಲೆ ಬಂದು ಬಣ್ಣವನ್ನು ಕಂದಾಗಿಸುತ್ತದೆ. ಅರಗು ಆಧಾರಿತ, ಅಂದರೆ ಶೆಲ್ಯಾಕ್ ಪ್ರೈಮರ್ ಇದನ್ನು ತಡೆಯುತ್ತದೆ. ನೀರು ಆಧಾರಿತ ಸಾಮಾನ್ಯ ಪ್ರೈಮರ್ ಹಲವು ಸಲ ತಡೆಯುವುದಿಲ್ಲ.

*ಕಬ್ಬಿಣ:* ಜಿಂಕ್ ಫಾಸ್ಫೇಟ್ ಇರುವ ತುಕ್ಕು ನಿರೋಧಕ ಪ್ರೈಮರ್.

*ಸತು ಲೇಪಿತ ತಗಡು:* ಬಕೆಟ್, ಟ್ರೇ, ಹೂಕುಂಡದ ಹೊರಕವಚಗಳಲ್ಲಿ ಇದು ಸಾಮಾನ್ಯ. ಎಣ್ಣೆ ಆಧಾರಿತ ಆಲ್ಕಿಡ್ ಬಣ್ಣ ಸತುವಿನೊಂದಿಗೆ ಪ್ರತಿಕ್ರಿಯಿಸಿ ಅಡಿಯಲ್ಲಿ ಸಾಬೂನಿನಂಥ ಪದರ ಮೂಡಿಸುತ್ತದೆ, ಕೆಲವು ತಿಂಗಳಲ್ಲಿ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಎಚ್ಚಿಂಗ್ ಪ್ರೈಮರ್, ಅಂದರೆ ಆಮ್ಲದಿಂದ ಲೋಹದ ಮೈಯನ್ನು ತುಸು ಕೊರೆದು ಹಿಡಿತ ಪಡೆಯುವ ಪ್ರೈಮರ್, ಇಲ್ಲವೇ ಸತುವಿಗೆಂದೇ ಇರುವ ಅಕ್ರಿಲಿಕ್ ಪ್ರೈಮರ್ ಬಳಸಿ.

*ಪ್ಲಾಸ್ಟಿಕ್:* ಅಡಿಯಲ್ಲಿ ತ್ರಿಕೋನದೊಳಗಿನ ಸಂಖ್ಯೆ ನೋಡಿ. 2 ಅಥವಾ 4 ಎಂದರೆ ಪಾಲಿಎಥಿಲೀನ್, 5 ಎಂದರೆ ಪಾಲಿಪ್ರೊಪಿಲೀನ್. ಇವುಗಳ ಮೇಲ್ಮೈಗೆ ಬಹುತೇಕ ಯಾವ ಬಣ್ಣವೂ ತಾನಾಗಿ ಅಂಟದು. ಅಡ್ಹೀಷನ್ ಪ್ರೊಮೋಟರ್ ಎಂಬ ಹಿಡಿತವರ್ಧಕವನ್ನು ತೆಳುವಾಗಿ ಸ್ಪ್ರೇ ಮಾಡಿ, ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೇ ಮುಂದಿನ ಪದರ ಕೊಡಬೇಕು.

*ಗಾಜು, ಪಿಂಗಾಣಿ:* ಬಾಂಡಿಂಗ್ ಪ್ರೈಮರ್. ಇಷ್ಟಾದರೂ ನೀರು ತುಂಬಿಡುವ ಹೂದಾನಿಯ ಒಳಗೆ, ನಿತ್ಯ ತೊಳೆಯುವ ಪಾತ್ರೆಯ ಮೇಲೆ ಬಣ್ಣ ಬಾಳುವುದಿಲ್ಲ.

*ಪ್ಲಾಸ್ಟರ್:* ಸುಣ್ಣದ ಗೋಡೆಯಂತೆ ಹೀರುವ ಗುಣ. ಎರಡು ತೆಳು ಪದರ ಅಕ್ರಿಲಿಕ್ ಸೀಲರ್ ಕೊಡಿ, ಇಲ್ಲವಾದರೆ ಮೆಟಾಲಿಕ್ ಬಣ್ಣ ಅಲ್ಲಲ್ಲಿ ಇಂಗಿ ಮಂಕು ತೇಪೆಗಳಾಗುತ್ತವೆ.

*ಥರ್ಮೋಕೋಲ್ ಅಲಂಕಾರ:* ಸ್ಪ್ರೇ ಡಬ್ಬಿಯ ದ್ರಾವಕ ಅದನ್ನು ಕರಗಿಸಿಬಿಡುತ್ತದೆ. ನೀರು ಆಧಾರಿತ ಬಣ್ಣವನ್ನು ಬ್ರಷ್‌ನಲ್ಲೇ ಬಳಿಯಿರಿ.

ಪ್ರೈಮರ್ ಒಣಗಿದ ಮೇಲೆ 400ರಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಪ್ಲಾಸ್ಟಿಕ್, ಗಾಜಿನಂಥ ಅನುಮಾನದ ವಸ್ತುಗಳಿಗೆ ಮುಂದುವರಿಯುವ ಮುನ್ನ ಒಂದು ಪರೀಕ್ಷೆ ಮಾಡಿ. 24 ಗಂಟೆ ಬಿಟ್ಟು, ತಳದಲ್ಲಿ ಬ್ಲೇಡ್‌ನಿಂದ 2 ಮಿ.ಮೀ. ಅಂತರದಲ್ಲಿ ಆರು ಉದ್ದ ಗೀರು, ಆರು ಅಡ್ಡ ಗೀರು ಹಾಕಿ. ಮೇಲೆ ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಎಳೆಯಿರಿ. ಚೌಕಗಳು ಟೇಪ್‌ಗೆ ಅಂಟಿ ಬಂದರೆ ಪ್ರೈಮರ್ ಹಿಡಿದಿಲ್ಲ, ಅದನ್ನು ತೆಗೆದು ಮತ್ತೆ ಶುರುಮಾಡಿ. ಇಲ್ಲಿ ಕಳೆದುಕೊಳ್ಳುವುದು ಒಂದು ಪದರ ಮಾತ್ರ. ಬಣ್ಣವೆಲ್ಲ ಮುಗಿದ ಮೇಲೆ ಗೊತ್ತಾದರೆ ಇಡೀ ಕೆಲಸ ಹೋಗುತ್ತದೆ.

ಹಂತ 4: ತಳಬಣ್ಣ

ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಅಗ್ಗದ ನೋಟ ಬರುವುದೂ ಹೆಚ್ಚಾಗಿ ಇಲ್ಲಿಂದಲೇ. ಮೆಟಾಲಿಕ್ ಪೇಂಟ್ ಅರೆಪಾರದರ್ಶಕ. ಅಡಿಯ ಬಣ್ಣ ಅದರ ಮೂಲಕ ಸೂಸುತ್ತದೆ. ಚಿನ್ನದ ರೇಕು ಅಂಟಿಸುವ ಕುಶಲಕರ್ಮಿಗಳು ಅಡಿಗೆ ಕೆಮ್ಮಣ್ಣಿನ ಲೇಪ ಕೊಡುತ್ತಿದ್ದುದಕ್ಕೆ ಒಂದು ಕಾರಣ ಇದೇ: ಕೆಂಪು ಚಿನ್ನಕ್ಕೆ ಬೆಚ್ಚನೆಯ ಆಳ ಕೊಡುತ್ತದೆ.

ಚಿನ್ನದ ಅಡಿಗೆ ಇಟ್ಟಿಗೆ ಕೆಂಪು ಅಥವಾ ಕಾವಿ ಹಳದಿ, ಬೆಳ್ಳಿಯ ಅಡಿಗೆ ಕಪ್ಪು ಅಥವಾ ಗಾಢ ಬೂದು, ತಾಮ್ರ ಮತ್ತು ಕಂಚಿನ ಅಡಿಗೆ ಗಾಢ ಕಂದು. ಬಿಳಿ ಪ್ರೈಮರ್ ಮೇಲೆ ನೇರವಾಗಿ ಚಿನ್ನ ಬಳಿದರೆ ಪೇಲವ ಹಳದಿಯಾಗಿ ಕಾಣುತ್ತದೆ, ಪದರವೂ ಹೆಚ್ಚು ಬೇಕಾಗುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಒಂದೆರಡು ಪದರ ಸಾಕು. ಕನ್ನಡಿಯಂಥ ನುಣುಪೇ ನಿಮಗೆ ಬೇಕಿದ್ದರೆ ಮಾತ್ರ ಹೊಳಪಿನ ಕಪ್ಪು ಬಳಸಿ.

ಹಂತ 5: ಮೆಟಾಲಿಕ್ ಬಣ್ಣ

*ಸ್ಪ್ರೇ ಆದರೆ:* ಗಾಳಿಯಾಡುವ, ಆದರೆ ಬೀಸುಗಾಳಿ ಇಲ್ಲದ, ನೇರ ಬಿಸಿಲಿಲ್ಲದ ಜಾಗ. ಹತ್ತಿರದಲ್ಲಿ ಒಲೆ, ದೀಪ, ಗೀಸರ್‌ನ ಜ್ವಾಲೆ, ಸಿಗರೇಟು ಯಾವುದೂ ಇರಕೂಡದು. ಡಬ್ಬಿಯ ಅನಿಲ ಹೊತ್ತಿಕೊಳ್ಳುವಂಥದ್ದು. ಮಳೆ ಹಿಡಿದ ದಿನ ಬೇಡ. ತೇವಾಂಶ ಹೆಚ್ಚಿದ್ದಾಗ ದ್ರಾವಕ ಆವಿಯಾಗುತ್ತಾ ಮೇಲ್ಮೈಯನ್ನು ತಂಪಾಗಿಸಿ ಅದರ ಮೇಲೆ ತೇವ ಕೂರಿಸುತ್ತದೆ, ಬಣ್ಣದ ಮೇಲೆ ಹಾಲುಮಂಜಿನಂಥ ಬಿಳುಪು ಹಬ್ಬುತ್ತದೆ.

ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಇನ್ನೂ 2 ನಿಮಿಷ ಕುಲುಕಿ. ಹಕ್ಕಳೆಗಳು ಭಾರ, ಬೇಗ ತಳ ಸೇರುತ್ತವೆ. ಆದ್ದರಿಂದ ನಡುನಡುವೆಯೂ ಕುಲುಕುತ್ತಿರಿ. 25ರಿಂದ 30 ಸೆಂ.ಮೀ. ದೂರದಲ್ಲಿ ಹಿಡಿದು, ವಸ್ತುವಿನ ಹೊರಗೆ ಒತ್ತಲು ಶುರುಮಾಡಿ, ವಸ್ತುವನ್ನು ದಾಟಿದ ಮೇಲೆ ಬೆರಳು ಬಿಡಿ. ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನು ಸಮಾಂತರವಾಗಿ ಸಾಗಿಸಿ. ಪ್ರತಿ ಪಟ್ಟಿಯೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಮೊದಲ ಪದರದಲ್ಲಿ ತಳಬಣ್ಣ ಇನ್ನೂ ಕಾಣುತ್ತಿರಬೇಕು. ಒಂದೇ ಸಲ ಮುಚ್ಚಬೇಕೆಂಬ ಆತುರದಲ್ಲಿ ದಪ್ಪ ಹಾಕಿದರೆ ಹಕ್ಕಳೆಗಳು ಒದ್ದೆ ಬಣ್ಣದಲ್ಲಿ ತೇಲಿ ಒಂದೆಡೆ ಸೇರಿ ಮೋಡಮೋಡವಾಗಿ ಕಾಣುತ್ತವೆ, ಅಂಚಿನಲ್ಲಿ ಇಳಿಯುತ್ತದೆ ಕೂಡ.

ಹೀಗೆ ಮೂರು ತೆಳು ಪದರ, ನಡುವೆ 10ರಿಂದ 15 ನಿಮಿಷ ಬಿಡುವು. ಕೊನೆಯದಾಗಿ 40 ಸೆಂ.ಮೀ. ದೂರದಿಂದ, ಬೇಗ ಬೇಗ ಕೈ ಆಡಿಸುತ್ತಾ ಮಂಜಿನಂಥ ಒಂದು ಹಗುರ ಪದರ ಕೊಡಿ. ಹಕ್ಕಳೆಗಳ ಏರುಪೇರು ಸಮವಾಗಿ ಪಟ್ಟೆಗಳು ಮಾಯವಾಗುತ್ತವೆ. ಡಬ್ಬಿಯ ಮೇಲೆ ಮರುಲೇಪದ ಅವಧಿ ಬರೆದಿರುತ್ತದೆ, ಬಹುತೇಕ 1 ಗಂಟೆಯೊಳಗೆ ಇಲ್ಲವೇ 24 ಅಥವಾ 48 ಗಂಟೆಯ ನಂತರ. ಈ ನಡುವಿನ ಹೊತ್ತಿನಲ್ಲಿ ಬಣ್ಣ ಅರ್ಧ ಗಟ್ಟಿಯಾಗಿರುತ್ತದೆ. ಹೊಸ ಪದರದ ದ್ರಾವಕ ಅದನ್ನು ಉಬ್ಬಿಸಿ ಸುಕ್ಕುಗಟ್ಟಿಸುತ್ತದೆ. ಸ್ಪ್ರೇಯಲ್ಲಿ ಕೆಟ್ಟುಹೋಗುವ ಕೆಲಸಗಳಲ್ಲಿ ಎಷ್ಟೋ ಈ ಒಂದು ಸಾಲನ್ನು ಓದದ್ದರಿಂದಲೇ.

*ಬ್ರಷ್ ಆದರೆ:* ಡಬ್ಬಿಯನ್ನು ತಳದಿಂದ ಕಲಕಿ, ಬಳಿಯುವಾಗಲೂ ಆಗಾಗ ಕಲಕುತ್ತಿರಿ. ನೀರು ಬೆರೆಸುವುದಿದ್ದರೆ ನೂರಕ್ಕೆ 5ರಷ್ಟು ಸಾಕು. ಹೆಚ್ಚಾದರೆ ಹಕ್ಕಳೆಗಳನ್ನು ಹಿಡಿದಿಡುವ ಅಂಟು ಸಾಲದೆ ಒಣಗಿದ ಮೇಲೆ ಕೈಗೆ ಪುಡಿ ಹತ್ತುತ್ತದೆ. ಕೆತ್ತನೆಯ ತಗ್ಗುಗಳಿಂದ ಶುರುಮಾಡಿ ಉಬ್ಬುಗಳಿಗೆ ಬನ್ನಿ. ಸಮತಲದಲ್ಲಿ ಕೊನೆಯ ಎಳೆತಗಳೆಲ್ಲ ಒಂದೇ ದಿಕ್ಕಿಗಿರಲಿ. ಬಣ್ಣ ಎಳೆದುಕೊಳ್ಳಲು ಶುರುವಾದ ಮೇಲೆ ಮತ್ತೆ ಬ್ರಷ್ ತಾಗಿಸಬೇಡಿ, ಬಿಟ್ಟ ಜಾಗವನ್ನು ಮುಂದಿನ ಪದರ ಮುಚ್ಚುತ್ತದೆ. ಪದರಗಳ ನಡುವೆ 2ರಿಂದ 4 ಗಂಟೆ. ಅಗಲವಾದ ಟ್ರೇ, ಮೇಜಿನ ಮೇಲ್ಭಾಗಕ್ಕೆ 4 ಇಂಚಿನ ಫೋಮ್ ರೋಲರ್ ಮೇಲು.

ಹಂತ 6: ಆಳ ಮತ್ತು ಹಳಮೆ

ನಯವಾದ ಆಧುನಿಕ ವಸ್ತುಗಳಿಗೆ ಇದು ಬೇಡ. ಕೆತ್ತನೆ ಇರುವವುಗಳಿಗೆ ಮಾತ್ರ ಬಿಡಬೇಡಿ.

ಮೊದಲು ಪಾರದರ್ಶಕ ಲೇಪದ ಒಂದು ಪದರ ಕೊಟ್ಟು ಒಣಗಿಸಿ, ಇಲ್ಲದಿದ್ದರೆ ಒರೆಸುವಾಗ ಮೆಟಾಲಿಕ್ ಬಣ್ಣವೇ ಕಿತ್ತುಬರುತ್ತದೆ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಅಕ್ರಿಲಿಕ್ ಬಣ್ಣ 1 ಭಾಗ, ಗ್ಲೇಜ್ ಮೀಡಿಯಂ 3 ಭಾಗ ಬೆರೆಸಿ. ಗ್ಲೇಜ್ ಮೀಡಿಯಂ ಎಂದರೆ ಬಣ್ಣವನ್ನು ತಿಳಿಯಾಗಿಸಿ ನಿಧಾನ ಒಣಗಿಸುವ ದ್ರವ. ಅಂಗೈಯಗಲ ಜಾಗಕ್ಕೆ ಹಚ್ಚಿ, ತಗ್ಗುಗಳಿಗೆ ಇಳಿಸಿ, 2 ನಿಮಿಷದೊಳಗೆ ತೇವದ ಬಟ್ಟೆಯನ್ನು ಚಪ್ಪಟೆಯಾಗಿ ಹಿಡಿದು ಉಬ್ಬುಗಳ ಮೇಲಿಂದ ಒರೆಸಿ. ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಿದರೆ ತಗ್ಗಿನ ಕಂದೂ ಬಂದುಬಿಡುತ್ತದೆ. ಆಮೇಲೆ ಮುಂದಿನ ಅಂಗೈಯಗಲ.

ಇನ್ನೂ ಜೀವ ಬೇಕೆನಿಸಿದರೆ ಒಣ ಬ್ರಷ್ ವಿಧಾನ: ಅದೇ ಲೋಹದ ತುಸು ತಿಳಿ ಛಾಯೆಯಲ್ಲಿ ಬ್ರಷ್ ತುದಿ ಅದ್ದಿ, ಬಣ್ಣದ ಬಹುಪಾಲನ್ನು ಕಾಗದದ ಮೇಲೆ ಒರೆಸಿ ತೆಗೆದು, ಉಬ್ಬಿನ ನೆತ್ತಿಗೆ ಮಾತ್ರ ತಾಗಿಸಿ. ಗಿಲ್ಡಿಂಗ್ ವ್ಯಾಕ್ಸ್, ಅಂದರೆ ಲೋಹದ ಪುಡಿ ಬೆರೆಸಿದ ಮೇಣ, ಇದಕ್ಕೆ ಇನ್ನೂ ಚೆನ್ನ. ಆದರೆ ಮೇಣದ ಮೇಲೆ ಯಾವ ಲೇಪವೂ ಹಿಡಿಯದು. ಅದನ್ನು ಹಚ್ಚುವುದಾದರೆ ಮುಂದಿನ ಹಂತ ಮುಗಿಸಿ, ಎಲ್ಲಕ್ಕಿಂತ ಕೊನೆಗೆ ಹಚ್ಚಿ.

ಹಂತ 7: ಪಾರದರ್ಶಕ ಲೇಪ

ಬಣ್ಣ ಕನಿಷ್ಠ 24 ಗಂಟೆ ಒಣಗಿರಲಿ. ಎಣ್ಣೆ ಆಧಾರಿತ ಪಾಲಿಯುರೆಥೇನ್ ಕಾಲಕ್ರಮೇಣ ಹಳದಿಯಾಗುತ್ತದೆ, ಬೆಳ್ಳಿಯ ಬಣ್ಣಕ್ಕೆ ಅದನ್ನು ಮುಟ್ಟಿಸಲೇಬೇಡಿ. ನೀರು ಆಧಾರಿತ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ತೆಗೆದುಕೊಂಡು, ಮೊದಲು ತಳದಲ್ಲಿ ಬಳಿದು ಹೊಳಪು ಎಷ್ಟು ಬದಲಾಗುತ್ತದೆಂದು ನೋಡಿ. ತಾಮ್ರ ಮತ್ತು ಸತುವಿನ ಪುಡಿ ಇರುವ ಬಣ್ಣಗಳು ಗಾಳಿಗೆ ತೆರೆದಿದ್ದರೆ ಕಂದಿ, ಕೆಲವೊಮ್ಮೆ ಹಸಿರಾಗುವುದರಿಂದ ಅವಕ್ಕೆ ಈ ಲೇಪ ಕಡ್ಡಾಯ. ಅಭ್ರಕದ ಬಣ್ಣ ಕಂದುವುದಿಲ್ಲ. ಅದನ್ನು ಬಳಿದದ್ದು ಗೋಡೆಯ ಮೇಲೆ ತೂಗುವ, ಯಾರೂ ಮುಟ್ಟದ ವಸ್ತುವಾದರೆ ಲೇಪ ಬಿಟ್ಟರೂ ನಡೆಯುತ್ತದೆ.

ಕೆಟ್ಟರೆ ಸರಿಪಡಿಸುವುದು

ಬಣ್ಣ ಇಳಿದು ಗೆರೆಯಾಗಿದ್ದರೆ ಒದ್ದೆ ಇರುವಾಗ ಮುಟ್ಟಬೇಡಿ. ಎರಡು ದಿನ ಬಿಟ್ಟು 400ರಲ್ಲಿ ಸಮ ಮಾಡಿ, ಆ ಮುಖವನ್ನು ಪೂರ್ತಿಯಾಗಿ ಮತ್ತೆ ಬಳಿಯಿರಿ. ಕಲೆಯಷ್ಟಕ್ಕೇ ತೇಪೆ ಹಾಕಿದರೆ ಮೆಟಾಲಿಕ್ ಬಣ್ಣದಲ್ಲಿ ಅದು ಅಡಗುವುದಿಲ್ಲ. ಕಿತ್ತಳೆ ಸಿಪ್ಪೆಯಂಥ ಮೈ ಬಂದಿದ್ದರೆ ಬಣ್ಣ ದಪ್ಪವಾಗಿ ಕೂತಿದೆ ಅಥವಾ ಹರಡಿಕೊಳ್ಳುವ ಮೊದಲೇ ಒಣಗಿದೆ. ಉಜ್ಜಿ, ತಂಪು ಹೊತ್ತಿನಲ್ಲಿ ಮತ್ತೊಂದು ಪದರ ಕೊಡಿ. ಬಿಳಿ ಮಂಜು ಹಬ್ಬಿದ್ದರೆ ಒಣಹವೆಯ ದಿನ ಅದೇ ಬಣ್ಣದ ಒಂದು ಹಗುರ ಪದರ ಹಾಕಿದಾಗ ಎಷ್ಟೋ ಸಲ ಹೋಗುತ್ತದೆ. ಸುಕ್ಕುಗಟ್ಟಿದ್ದಕ್ಕೆ ಅಡ್ಡದಾರಿ ಇಲ್ಲ: ವಾರ ಕಾಲ ಒಣಗಲು ಬಿಟ್ಟು, ಗಟ್ಟಿ ಪದರದವರೆಗೆ ಉಜ್ಜಿ ತೆಗೆಯಬೇಕು.

ಬಳಕೆಗೆ ತರುವ ಮುನ್ನ

ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನವರೆಗೆ ಗಟ್ಟಿಯಾಗುವುದು ಬೇರೆ. ಸ್ಪ್ರೇ ಬಣ್ಣಕ್ಕೆ ಸುಮಾರು 7 ದಿನ, ನೀರು ಆಧಾರಿತ ಅಕ್ರಿಲಿಕ್‌ಗೆ 3ರಿಂದ 4 ವಾರ. ಅಲ್ಲಿಯ ತನಕ ಟ್ರೇ ಮೇಲೆ ವಸ್ತು ಇಡುವುದು, ಚೌಕಟ್ಟನ್ನು ಗೋಡೆಗೆ ಒರಗಿಸುವುದು, ಕಾಗದ ಸುತ್ತಿಡುವುದು ಬೇಡ, ಅಚ್ಚು ಮೂಡುತ್ತದೆ. ಟೇಪನ್ನು ಮಾತ್ರ ಇಷ್ಟು ದಿನ ಬಿಡದೆ, ಕೊನೆಯ ಪದರ ಇನ್ನೂ ತುಸು ಮೆತ್ತಗಿರುವಾಗಲೇ 45 ಡಿಗ್ರಿ ಓರೆಯಾಗಿ ಹಿಂದಕ್ಕೆ ಎಳೆದು ತೆಗೆಯಿರಿ. ಒಣಗಿಹೋಗಿದ್ದರೆ ಅಂಚಿಗುಂಟ ಬ್ಲೇಡ್ ಆಡಿಸಿ ಆಮೇಲೆ ಎಳೆಯಿರಿ.

ಮುಂದೆ ಒರೆಸಲು ಒಣ ಮೃದು ಬಟ್ಟೆ, ಕೊಳೆಯಾಗಿದ್ದರೆ ತುಸು ಸೋಪು ನೀರು. ಅಮೋನಿಯಾ ಇರುವ ಗಾಜಿನ ಕ್ಲೀನರನ್ನು ಕನ್ನಡಿಗೆ ನೇರ ಸಿಂಪಡಿಸಿದರೆ ಅದು ಚೌಕಟ್ಟಿಗೂ ಹರಿಯುತ್ತದೆ, ಆದ್ದರಿಂದ ಬಟ್ಟೆಗೆ ಹಾಕಿ ಒರೆಸಿ. ಸ್ಪ್ರೇ ಡಬ್ಬಿಯಲ್ಲಿ ಬಣ್ಣ ಉಳಿದಿದ್ದರೆ ತಲೆಕೆಳಗು ಮಾಡಿ, ಬರೀ ಗಾಳಿ ಬರುವ ತನಕ ಒತ್ತಿ ಮೂತಿ ಸ್ವಚ್ಛಮಾಡಿ ಎತ್ತಿಡಿ. ಖಾಲಿಯಾದ ಡಬ್ಬಿಯನ್ನು ತೂತು ಮಾಡುವುದು, ಬೆಂಕಿಗೆ ಹಾಕುವುದು ಎರಡೂ ಅಪಾಯ.